ಮನೆ ಉಳಿಸಿದ ಸಾಲ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು, ಕೊಂಡ ಮನೆಯನ್ನು ಉಳಿಸಿಕೊಳ್ಳುವ ಕಷ್ಟದ ಬಗ್ಗೆ ಏನೂ ಹೇಳಲಿಲ್ಲ. ಆ ಪಾಠವನ್ನು ಅಮೆರಿಕ 1930ರ ದಶಕದಲ್ಲಿ ಕಲಿತಿತ್ತು.

ಆಗಿನ ಮನೆಸಾಲ ನಮ್ಮ 30 ವರ್ಷದ ಮಾರ್ಟ್‌ಗೇಜಿನಂತೆ ಇರಲಿಲ್ಲ. ಅವಧಿ ಚಿಕ್ಕದು. ಅನೇಕರು ಬಡ್ಡಿ ಮಾತ್ರ ಕಟ್ಟುತ್ತಿದ್ದರು. ಅವಧಿ ಮುಗಿದಾಗ ಅಸಲನ್ನು ಒಟ್ಟಿಗೆ ತೀರಿಸಬೇಕು, ಇಲ್ಲವೇ ಹೊಸ ಸಾಲ ಮಾಡಬೇಕು. 1929ರ ಕುಸಿತದ ನಂತರ ಕೆಲಸಗಳು ಹೋದವು, ಬ್ಯಾಂಕುಗಳು ಮುಚ್ಚಿದವು, ಹೊಸ ಸಾಲ ಹುಟ್ಟಲಿಲ್ಲ. 1933ರ ಹೊತ್ತಿಗೆ ದಿನಕ್ಕೆ ಸುಮಾರು ಸಾವಿರ ಮನೆಗಳು ಫೋರ್‌ಕ್ಲೋಷರ್‌ಗೆ ಹೋಗುತ್ತಿದ್ದವು. ಆ ಏಪ್ರಿಲ್‌ನಲ್ಲಿ ಅಯೋವಾದ ಲೆ ಮಾರ್ಸ್ ಊರಿನ ರೈತರು ನ್ಯಾಯಾಧೀಶರನ್ನೇ ಕೋರ್ಟಿನಿಂದ ಎಳೆದೊಯ್ದು ಕೊರಳಿಗೆ ಹಗ್ಗ ಹಾಕಿದರು.

ಅದೇ ವರ್ಷ ಮಿನ್ನೆಸೋಟಾ ರಾಜ್ಯ ಒಂದು ಕಾನೂನು ಮಾಡಿತು. ಸಾಲ ಮನ್ನಾ ಇಲ್ಲ. ಮನೆ ಬಿಡಿಸಿಕೊಳ್ಳಲು ಹೆಚ್ಚಿನ ಸಮಯವಿತ್ತು, ಅಲ್ಲಿಯವರೆಗೆ ಕೋರ್ಟು ಗೊತ್ತುಮಾಡಿದ ಮೊತ್ತವನ್ನು ಕಟ್ಟಬೇಕಿತ್ತು. ಬ್ಲೇಸ್‌ಡೆಲ್ ದಂಪತಿಗೆ ಅದು ತಿಂಗಳಿಗೆ 40 ಡಾಲರ್. 1934ರ ಜನವರಿಯಲ್ಲಿ ಸುಪ್ರೀಂ ಕೋರ್ಟು 5–4 ಮತಗಳಿಂದ ಈ ಕಾನೂನನ್ನು ಎತ್ತಿಹಿಡಿಯಿತು.

ಆದರೆ ಸಮಯವೊಂದೇ ಸಾಲದು, ಕಟ್ಟಲಾಗುವ ಕಂತೂ ಬೇಕು. 1933ರ ಜೂನ್‌ನಲ್ಲಿ ಹುಟ್ಟಿದ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ ಬ್ಯಾಂಕುಗಳಿಗೆ ಬಾಂಡು ಕೊಟ್ಟು ಕೆಟ್ಟ ಸಾಲಗಳನ್ನು ತಾನೇ ಕೊಂಡಿತು. ಮನೆಯವರಿಗೆ ಶೇಕಡಾ 5ರ ಬಡ್ಡಿಗೆ, 15 ವರ್ಷಕ್ಕೆ, ಅಸಲೂ ಕರಗುವಂಥ ಕಂತಿನ ಹೊಸ ಸಾಲ ಕೊಟ್ಟಿತು. ಮೂರೇ ವರ್ಷದಲ್ಲಿ ಸುಮಾರು ಹತ್ತು ಲಕ್ಷ ಸಾಲ, 300 ಕೋಟಿ ಡಾಲರ್! ಐದರಲ್ಲಿ ಒಂದು ಮನೆ ಆಮೇಲೂ ಕೈತಪ್ಪಿತು, ನಾಲ್ಕು ಉಳಿದವು. 1951ರಲ್ಲಿ ಲೆಕ್ಕ ಮುಗಿಸಿದಾಗ ಸಂಸ್ಥೆಗೆ ಅಲ್ಪ ಲಾಭವೇ ಉಳಿದಿತ್ತು. ಕಳಂಕವೂ ಇದೆ: ಕರಿಯರ ಬಡಾವಣೆಗಳಿಗೆ ಕೆಂಪು ಬಳಿದ ನಕ್ಷೆಗಳನ್ನು ಬರೆದದ್ದು ಇದೇ ಸಂಸ್ಥೆ.

2009ರಲ್ಲಿ ಸರ್ಕಾರ ಬೇರೆ ದಾರಿ ಹಿಡಿಯಿತು. ಸಾಲವನ್ನು ತಾನು ಕೊಳ್ಳದೆ, ಕಂತು ತಗ್ಗಿಸಲು ಸಾಲ ವಸೂಲಿ ಮಾಡುವ ಕಂಪನಿಗಳಿಗೆ ಪ್ರೋತ್ಸಾಹಧನ ಕೊಟ್ಟಿತು. ಗುರಿ 30ರಿಂದ 40 ಲಕ್ಷ ಮನೆ; 2016ರಲ್ಲಿ ಯೋಜನೆ ಮುಗಿದಾಗ ಶಾಶ್ವತ ನೆರವು ಸಿಕ್ಕಿದ್ದು 20 ಲಕ್ಷಕ್ಕೂ ಕಡಿಮೆ. ಒಂದೇ ಕಾಗದವನ್ನು ಮತ್ತೆ ಮತ್ತೆ ಕಳಿಸಿ ಸುಸ್ತಾದವರು ಎಷ್ಟೋ ಮಂದಿ. ಸಾಫ್ಟ್‌ವೇರ್‌ನವನಾದ ನನಗೆ ಇದು ಅರ್ಥವಾಗುತ್ತದೆ: ಹಂತ ಹೆಚ್ಚಿದಷ್ಟೂ ಸೋಲುವ ಜಾಗ ಹೆಚ್ಚು. 2020ರ ಕೋವಿಡ್ ಕಾನೂನು ಇದನ್ನು ಸರಳ ಮಾಡಿತು. ಕೇಂದ್ರದ ಬೆಂಬಲವಿದ್ದ ಸಾಲಗಳಿಗೆ, ಕಷ್ಟವಿದೆ ಎಂದು ಹೇಳಿದರೆ ಸಾಕು, 180 ದಿನ ಕಂತಿಗೆ ಬಿಡುವು. ಬೇಕಾದರೆ ಇನ್ನೂ 180.

ಇಂಥ ನೆರವು ದಾನವಲ್ಲ. ಹರಾಜಾದ ಮನೆ ಬ್ಯಾಂಕಿಗೂ ನಷ್ಟ, ಬೀದಿಗೂ ನಷ್ಟ. ಆದ್ದರಿಂದ ಇದು ಪ್ರತಿ ಸಂಕಟದಲ್ಲೂ ಹೊಸದಾಗಿ ಹುಟ್ಟದೆ, ಕಾಯಂ ಕಾನೂನಾಗಿ ಇರಬೇಕು. ಗೆಳೆಯರೇ, ನಮ್ಮಲ್ಲೂ ಕೆಲಸ ಕಳೆದುಕೊಂಡು, ಮರ್ಯಾದೆಗೆ ಅಂಜಿ ಬ್ಯಾಂಕಿನ ಪತ್ರವನ್ನು ಒಡೆಯದೇ ಇಡುವವರಿದ್ದಾರೆ. ಅಂಥವರು ಗೊತ್ತಿದ್ದರೆ, ಇವತ್ತೇ ಒಂದು ಫೋನ್ ಮಾಡಿ.