ಮೈನಸ್ 18 ಡಿಗ್ರಿ 238 ಆಗುವುದು ಹೇಗೆ? ಮೆಮೊರಿ ಚಿಪ್‌ಗೆ ಋಣ ಸಂಖ್ಯೆ ಬರೆಯುವವರು ತಿಳಿದಿರಬೇಕಾದ್ದು

ಥಾಣೆ, ಕಲ್ಯಾಣ್, ಡೊಂಬಿವಲಿಯ ಮನೆಯಲ್ಲಿ ಕುಳಿತು ತಾಪಮಾನ ದಾಖಲಿಸುವ ಸಣ್ಣ ಯಂತ್ರವೊಂದನ್ನು ಮಾಡಿದ್ದೀರಿ ಎಂದುಕೊಳ್ಳಿ. ಹಗಲಿಗೆ 33, ರಾತ್ರಿಗೆ 24. ವಾರಗಟ್ಟಲೆ ಓಡಿಸಿದರೂ ಒಂದು ತಪ್ಪೂ ಕಾಣುವುದಿಲ್ಲ. ಅದೇ ಯಂತ್ರವನ್ನು ನವಿಮುಂಬಯಿಯ ಶೀತಲಗೃಹವೊಂದರಲ್ಲಿ ಇಟ್ಟ ದಿನ, ಮೈನಸ್ 18 ಇರಬೇಕಾದ ಕಡೆ 238 ಎಂದು ಬರುತ್ತದೆ! ಸೆನ್ಸರ್ ಕೆಟ್ಟಿಲ್ಲ, ಚಿಪ್ಪೂ ಕೆಟ್ಟಿಲ್ಲ. ಋಣ ಸಂಖ್ಯೆಯನ್ನು ಬರೆದ ಮತ್ತು ಓದಿದ ಕ್ರಮ ತಪ್ಪಿದೆ, ಅಷ್ಟೆ. ಕರಾವಳಿಯ ಈ ಊರುಗಳಲ್ಲಿ ತಾಪಮಾನ ಎಂದೂ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲವಾದ್ದರಿಂದ ತಪ್ಪು ಮನೆಯಲ್ಲಿ ಬಯಲಾಗಲಿಲ್ಲ.

ಇದು ಬರೀ ಕಾಲೇಜು ಪ್ರಾಜೆಕ್ಟ್‌ನ ಅಂಕದ ಪ್ರಶ್ನೆಯಲ್ಲ. ಹೆಪ್ಪುಗಟ್ಟಿಸಿದ ಮೀನು, ಮಾಂಸವನ್ನು ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗೆ ಇಡಬೇಕು. ಬಾಯಿಗೆ ಹಾಕುವ ಪೋಲಿಯೊ ಲಸಿಕೆಯನ್ನು ಡೀಪ್ ಫ್ರೀಜರ್‌ನಲ್ಲಿ ಮೈನಸ್ 15ರಿಂದ ಮೈನಸ್ 25ರೊಳಗೆ ಇಡುತ್ತಾರೆ. ಎಲ್ಲವೂ ಸರಿಯಿದ್ದಾಗಲೂ ಯಂತ್ರ 238 ಎಂದು ಓದಿದರೆ ಎಚ್ಚರಿಕೆ ಗಂಟೆ ಬಡಿಯುತ್ತಲೇ ಇರುತ್ತದೆ. ಬೇಸತ್ತ ಸಿಬ್ಬಂದಿ ಅದನ್ನು ಆಫ್ ಮಾಡುತ್ತಾರೆ. ನಿಜವಾಗಿ ಫ್ರೀಜರ್ ಕೈಕೊಟ್ಟ ದಿನ ಕೇಳುವವರೇ ಇರುವುದಿಲ್ಲ.

ಚಿಪ್‌ಗೆ ಮೈನಸ್ ಚಿಹ್ನೆ ಗೊತ್ತೇ?

ಗೊತ್ತಿಲ್ಲ. 24ಸಿ32, 24ಸಿ256ರಂತಹ ಇಇಪ್ರಾಮ್ ಚಿಪ್‌ಗಳು ವಿದ್ಯುತ್ ಹೋದರೂ ಮಾಹಿತಿ ಉಳಿಸಿಕೊಳ್ಳುತ್ತವೆ. ಆದರೆ ಅವಕ್ಕೆ ತಿಳಿದಿರುವುದು ಬೈಟ್ ಮಾತ್ರ, ಅಂದರೆ 0ಯಿಂದ 255ರವರೆಗಿನ ಒಂದು ಸಂಖ್ಯೆ. ಮೈಕ್ರೊಕಂಟ್ರೋಲರ್ ಇವುಗಳ ಜೊತೆ ಐ2ಸಿ ಎಂಬ ಎರಡು ತಂತಿಯ ವ್ಯವಸ್ಥೆಯಲ್ಲಿ ಮಾತಾಡುತ್ತದೆ. ಫಿಲಿಪ್ಸ್ ಕಂಪನಿ 1982ರಲ್ಲಿ ರೂಪಿಸಿದ ಈ ವ್ಯವಸ್ಥೆಯೂ ಬೈಟ್‌ಗಳನ್ನೇ ಸಾಗಿಸುತ್ತದೆ. ಧನವೋ ಋಣವೋ ಎಂಬುದನ್ನು ತೀರ್ಮಾನಿಸುವುದು ನಿಮ್ಮ ಪ್ರೋಗ್ರಾಂ.

ಗಡಿಯಾರ ನೋಡಿ. ದೊಡ್ಡ ಮುಳ್ಳು 11ರ ಮೇಲಿದ್ದರೆ '55 ನಿಮಿಷ ಆಯಿತು' ಎನ್ನಬಹುದು, 'ಐದು ನಿಮಿಷ ಬಾಕಿ' ಎಂದೂ ಹೇಳಬಹುದು. ಮುಳ್ಳು ಒಂದೇ, ಓದುವ ಬಗೆ ಎರಡು. ಗಡಿಯಾರದಲ್ಲಿ 60 ಗೆರೆಗಳಿದ್ದರೆ ಬೈಟ್‌ನಲ್ಲಿ 256 ಇವೆ. 256ರಿಂದ 18 ಕಳೆದರೆ 238. ಹೀಗಾಗಿ ಮೈನಸ್ 18 ಮತ್ತು 238 ಚಿಪ್‌ನೊಳಗೆ ಒಂದೇ ರೂಪದಲ್ಲಿರುತ್ತವೆ. ಈ ಪದ್ಧತಿಯ ಹೆಸರು ಟೂಸ್ ಕಾಂಪ್ಲಿಮೆಂಟ್. ಸೈನ್ಡ್ ಎಂದು ಓದಿದರೆ ಒಂದು ಬೈಟ್‌ನ ಮಿತಿ ಮೈನಸ್ 128ರಿಂದ 127. ಎರಡು ಬೈಟ್ ಸೇರಿಸಿದರೆ ಮೈನಸ್ 32,768ರಿಂದ 32,767.

ಬರೆಯುವುದು, ಓದುವುದು ಹೇಗೆ?

ದಶಮಾಂಶ ಬೇಕಿದ್ದರೆ ತಾಪಮಾನವನ್ನು 10ರಿಂದ ಗುಣಿಸಿ ಪೂರ್ಣಾಂಕ ಮಾಡಿಕೊಳ್ಳಿ. ಮೈನಸ್ 18.5 ಡಿಗ್ರಿ ಆಗ ಮೈನಸ್ 185 ಆಗುತ್ತದೆ. ಇದು ಒಂದು ಬೈಟ್‌ನಲ್ಲಿ ಹಿಡಿಸುವುದಿಲ್ಲ, ಎರಡು ಬೇಕು. 65,536ರಿಂದ 185 ಕಳೆದರೆ 65,351. ಇದನ್ನು 256ರಿಂದ ಭಾಗಿಸಿದರೆ ಭಾಗಲಬ್ಧ 255, ಶೇಷ 71. ಭಾಗಲಬ್ಧವೇ ಮೇಲಿನ ಬೈಟ್, ಶೇಷವೇ ಕೆಳಗಿನ ಬೈಟ್. ಪ್ರೋಗ್ರಾಂನಲ್ಲಿ ಇದೇ ಕೆಲಸವನ್ನು 8 ಬಿಟ್ ಬಲಕ್ಕೆ ಸರಿಸಿ ಮಾಡುತ್ತಾರೆ.

ಓದುವಾಗ ಮೇಲಿನ ಬೈಟನ್ನು 256ರಿಂದ ಗುಣಿಸಿ ಕೆಳಗಿನದನ್ನು ಕೂಡಿಸಿ. ಉತ್ತರ 32,768 ಅಥವಾ ಅದಕ್ಕಿಂತ ಹೆಚ್ಚಿದ್ದರೆ 65,536 ಕಳೆಯಿರಿ. ಮೈನಸ್ 185 ಮರಳಿ ಬರುತ್ತದೆ. ಬರೆಯುವಾಗ ಯಾವ ಬೈಟ್ ಮೊದಲು ಹೋಯಿತೋ ಓದುವಾಗಲೂ ಅದನ್ನೇ ಮೊದಲು ತೆಗೆಯಬೇಕು.

ಹಲವರು ಎಡವುವುದು ಇಲ್ಲೇ. ಆರ್ಡುಯಿನೊ ಊನೊದಲ್ಲಿ 'ಇಂಟ್' ಎಂದರೆ 16 ಬಿಟ್. ಇಎಸ್‌ಪಿ32ರಲ್ಲಿ 32 ಬಿಟ್. ಊನೊದಲ್ಲಿ ಮೈನಸ್ 185 ಎಂದು ಸರಿಯಾಗಿ ಓದುತ್ತಿದ್ದ ಸಾಲು ಇಎಸ್‌ಪಿ32ಕ್ಕೆ ಬದಲಿಸಿದ ಕೂಡಲೇ 65,351 ಎನ್ನುತ್ತದೆ. ಆದ್ದರಿಂದ ಬರೀ 'ಇಂಟ್' ಎನ್ನದೆ, 16 ಬಿಟ್‌ನ ಸೈನ್ಡ್ ಪೂರ್ಣಾಂಕ ಎಂದು ಸ್ಪಷ್ಟವಾಗಿ ಘೋಷಿಸಿ.

ದಶಮಾಂಶ ಬೇಡವಾದರೆ ಇನ್ನೂ ಸುಲಭದ ದಾರಿಯಿದೆ. ಡಿಎಸ್18ಬಿ20 ಸೆನ್ಸರ್ ಅಳೆಯುವುದು ಮೈನಸ್ 55ರಿಂದ 125 ಡಿಗ್ರಿವರೆಗೆ. ಪ್ರತಿ ಅಳತೆಗೂ 55 ಕೂಡಿಸಿ ಬರೆದರೆ 0ಯಿಂದ 180ರೊಳಗೆ ಬರುತ್ತದೆ, ಒಂದೇ ಬೈಟ್ ಸಾಕು. ಓದುವಾಗ 55 ಕಳೆಯಲು ಮರೆಯಬೇಡಿ.

ಚಿಪ್‌ನ ಸ್ವಭಾವವೂ ಗೊತ್ತಿರಲಿ

* ಪುಟದ ಗಡಿ: 24ಸಿ32ರಲ್ಲಿ 32 ಬೈಟ್‌ಗೆ ಒಂದು ಪುಟ. ಒಂದೇ ಸಲಕ್ಕೆ ಕಳಿಸಿದ ಎರಡು ಬೈಟ್‌ಗಳಲ್ಲಿ ಮೊದಲನೆಯದು ಪುಟದ ಕೊನೆಯ ಜಾಗಕ್ಕೆ ಬಿದ್ದರೆ, ಎರಡನೆಯದು ಮುಂದಿನ ಪುಟಕ್ಕೆ ಹೋಗದೆ ಅದೇ ಪುಟದ ಆರಂಭಕ್ಕೆ ಸುತ್ತಿ ಹಳೆಯ ಮಾಹಿತಿಯನ್ನು ಅಳಿಸುತ್ತದೆ. ಪ್ರತಿ ಸಂಖ್ಯೆಯನ್ನೂ ಸಮ ಸಂಖ್ಯೆಯ ವಿಳಾಸದಿಂದ ಆರಂಭಿಸಿದರೆ ಈ ತೊಂದರೆ ಇಲ್ಲ.
* ಕಾಯುವಿಕೆ: ಒಮ್ಮೆ ಬರೆದ ಮೇಲೆ ಚಿಪ್‌ಗೆ 5ರಿಂದ 10 ಮಿಲಿಸೆಕೆಂಡ್ ಬಿಡುವು ಬೇಕು. ಆ ಹೊತ್ತಿನಲ್ಲಿ ಕರೆದರೆ ಅದು ಓಗೊಡುವುದಿಲ್ಲ.
* ಆಯಸ್ಸು: ಒಂದು ಜಾಗಕ್ಕೆ ಸುಮಾರು 10 ಲಕ್ಷ ಸಲ ಬರೆಯಬಹುದು. ಸೆಕೆಂಡಿಗೊಮ್ಮೆ ಅದೇ ಜಾಗಕ್ಕೆ ಬರೆದರೆ 12 ದಿನ ತುಂಬುವ ಮೊದಲೇ ಆ ಲೆಕ್ಕ ಮುಗಿಯುತ್ತದೆ. ಜಾಗ ಬದಲಿಸುತ್ತಾ ಬರೆಯಿರಿ. 24ಸಿ32ರ 4,096 ಬೈಟ್‌ಗಳಲ್ಲಿ 2,048 ಅಳತೆ ಹಿಡಿಸುತ್ತವೆ. 10 ನಿಮಿಷಕ್ಕೊಂದರಂತೆ 14 ದಿನಕ್ಕೆ ಸಾಕು.
* ಖಾಲಿ ಜಾಗ: ಹೊಸ ಚಿಪ್‌ನ ಪ್ರತಿ ಬೈಟ್‌ನಲ್ಲೂ 255 ಇರುತ್ತದೆ. ಎರಡು ಬೈಟ್ ಸೇರಿಸಿ ಓದಿದರೆ ಅದು ಮೈನಸ್ 1, ನಮ್ಮ ಲೆಕ್ಕದಲ್ಲಿ ಮೈನಸ್ 0.1 ಡಿಗ್ರಿ! ಬರೆಯದೇ ಇದ್ದ ಜಾಗವೂ ನಿಜವಾದ ಅಳತೆಯಂತೆ ಕಾಣುತ್ತದೆ. ಎಷ್ಟು ಅಳತೆ ಬರೆದಿದ್ದೀರಿ ಎಂಬ ಎಣಿಕೆಯನ್ನೂ ಇಟ್ಟುಕೊಳ್ಳಿ, ಇಲ್ಲವೇ ಮೊದಲೇ ಎಲ್ಲ ಜಾಗಕ್ಕೂ ಮೈನಸ್ 32,768 ತುಂಬಿ, ಅದನ್ನು ಖಾಲಿಯ ಗುರುತಾಗಿ ಬಳಸಿ.

ರಾಕೆಟ್ಟನ್ನೂ ಬಿಡದ ತಪ್ಪು

1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ, ಸುಮಾರು 37 ಸೆಕೆಂಡಿನ ಬಳಿಕ ದಾರಿ ತಪ್ಪಿ ನಾಶವಾಯಿತು. 64 ಬಿಟ್‌ನ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ನ ಸೈನ್ಡ್ ಪೂರ್ಣಾಂಕಕ್ಕೆ ಬದಲಿಸುವಾಗ ಅದು ಮಿತಿ ಮೀರಿತ್ತು. ಆ ಪ್ರೋಗ್ರಾಂ ಏರಿಯಾನ್ 4ರಲ್ಲಿ ಸರಿಯಾಗಿಯೇ ಕೆಲಸ ಮಾಡಿತ್ತು. ಹೊಸ ರಾಕೆಟ್‌ನ ವೇಗ ಬೇರೆಯಿತ್ತು.

ಮನೆಯಲ್ಲೇ ಪರೀಕ್ಷಿಸಿ

ಚಿಪ್ ಮುಂಬಯಿಯ ಲ್ಯಾಮಿಂಗ್ಟನ್ ರೋಡ್‌ನಲ್ಲೂ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲೂ ಸಿಗುತ್ತದೆ. ಯಂತ್ರ ಸಿದ್ಧವಾದ ಮೇಲೆ 0, 1, ಮೈನಸ್ 1, 127, 128, ಮೈನಸ್ 128, 255, 256, ಮೈನಸ್ 185, 32,767 ಮತ್ತು ಮೈನಸ್ 32,768 ಇಷ್ಟನ್ನೂ ಬರೆಯಿರಿ. ವಿದ್ಯುತ್ ತೆಗೆದು, ಮತ್ತೆ ಕೊಟ್ಟು ಓದಿ. ಎಲ್ಲವೂ ಬರೆದ ಹಾಗೇ ಬರಬೇಕು. ಬಳಿಕ ಐಸ್‌ಗೆ ಉಪ್ಪು ಬೆರೆಸಿ, ನೀರು ತಾಗದಂತಹ ಸೆನ್ಸರನ್ನು ಅದರಲ್ಲಿ ಅದ್ದಿ. ತಾಪಮಾನ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಡೊಂಬಿವಲಿಯ ಹವೆ ಎಂದೂ ಮಾಡದ ಪರೀಕ್ಷೆಯನ್ನು ಒಂದು ಲೋಟ ಐಸ್ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತದೆ.