ಹುಣಸೂರು ಸೀಮೆಯ ತಂಬಾಕು: ಒಲೆ, ಹರಾಜು, ಲೆಕ್ಕ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳು ಕರ್ನಾಟಕದ ವರ್ಜೀನಿಯಾ ತಂಬಾಕಿನ ನೆಲೆ. ಪಕ್ಕದ ಕೆ.ಆರ್. ನಗರವನ್ನು ಕಾವೇರಿಯ ನಾಲೆಗಳು ಭತ್ತದ ಕಣಜ ಮಾಡಿದರೂ, ನೀರು ಹತ್ತದ ಅದರ ಖುಷ್ಕಿ ಹೊಲಗಳಲ್ಲಿ ತಂಬಾಕಿಗೆ ಜಾಗ ಉಂಟು. ಮರಳು ಬೆರೆತ ಕೆಂಪು ಮಣ್ಣು ಮತ್ತು ಮುಂಗಾರಿನ ಹದಮಳೆ ಎರಡೂ ಇಲ್ಲಿ ಸೇರುತ್ತವೆ. ಆಂಧ್ರದ ತಂಬಾಕು ಹಿಂಗಾರಿನ ಬೆಳೆ. ಇಲ್ಲಿಯದು ಮುಂಗಾರಿನದು: ಮೇ ತಿಂಗಳಲ್ಲಿ ನಾಟಿ, ಜುಲೈನಿಂದ ಎಲೆ ಮುರಿಯುವ ಕೆಲಸ, ಸೆಪ್ಟೆಂಬರ್ ಹೊತ್ತಿಗೆ ಹರಾಜು. ಈ ಎಲೆ ತೆಳು, ನಿಕೋಟಿನ್ ಕಡಿಮೆ, ಸಪ್ಪೆ ಸ್ವಾದ. ಸಿಗರೇಟು ಕಂಪನಿಗಳು ಖಾರ ಹೆಚ್ಚಿರುವ ಬೇರೆ ಎಲೆಗಳ ಜೊತೆ ಬೆರೆಸುವುದಕ್ಕೆ ಇದನ್ನೇ ಹುಡುಕಿಕೊಂಡು ಬರುತ್ತವೆ.

ಈ ಸೀಮೆಗೆ ಹೊರಗಿನ ಮಾರುಕಟ್ಟೆಯ ನಂಟು ತಂಬಾಕಿನಿಂದಲೇ ಶುರುವಾದದ್ದಲ್ಲ. ಲಕ್ಷ್ಮಣತೀರ್ಥದ ದಂಡೆಯ ಹುಣಸೂರಿನಲ್ಲಿ 19ನೇ ಶತಮಾನದಲ್ಲೇ ಅಮೃತಮಹಲ್ ದನಗಳ ಠಾಣ್ಯವಿತ್ತು. ಬ್ರಿಟಿಷ್ ಸೈನ್ಯಕ್ಕಾಗಿ ಚರ್ಮ ಹದಮಾಡುವ, ಕಂಬಳಿ ನೇಯುವ, ಗಾಡಿ ಕಟ್ಟುವ ಕಾರ್ಖಾನೆಗಳೂ ಇದ್ದವು. ಆಮೇಲೆ ಕೊಡಗಿನ ಕಾಫಿ ಇಲ್ಲಿಗೆ ಸಂಸ್ಕರಣೆಗೆ ಬಂತು. ಈ ಉದ್ಯಮಗಳೆಲ್ಲ ಊರಲ್ಲಿ ನಡೆದವೇ ಹೊರತು ಸುತ್ತಲಿನ ರೈತನ ಹೊಲದ ಬದುವನ್ನು ದಾಟಲಿಲ್ಲ. ಅದನ್ನು ಮೊದಲು ದಾಟಿದ್ದು ವರ್ಜೀನಿಯಾ ತಂಬಾಕು.

ಈ ತಂಬಾಕಿನ ಬೆಲೆಯೆಲ್ಲ ಇರುವುದು ಹದಗೊಳಿಸುವ ವಿಧಾನದಲ್ಲಿ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1839ರಲ್ಲಿ ಸ್ಟೀಫನ್ ಎಂಬ ಗುಲಾಮ ತಂಬಾಕಿನ ಮನೆಯ ಬೆಂಕಿ ಆರುತ್ತಿದ್ದಾಗ ಇದ್ದಿಲು ಹಾಕಿ ಉರಿ ಏರಿಸಿದ. ಎಲೆ ಅಚ್ಚ ಹಳದಿ ಬಣ್ಣಕ್ಕೆ ತಿರುಗಿತು, ಬೆಲೆಯೂ ಏರಿತು. ಮುಂದೆ ಹೊಗೆ ಎಲೆಗೆ ತಾಕದಂತೆ ತಗಡಿನ ಕೊಳವೆಗಳ ಮೂಲಕ ಬರೀ ಶಾಖವನ್ನು ಹಾಯಿಸುವ ರೂಢಿ ಬೆಳೆಯಿತು. 1920ರ ದಶಕದಲ್ಲಿ ಇದು ಗುಂಟೂರಿಗೆ ಬಂತು. ಮೈಸೂರು ಸಂಸ್ಥಾನ ಕೈಗಾರಿಕೆಗಳ ಉತ್ಸಾಹದಲ್ಲಿದ್ದ 1930ರ ದಶಕದ ಕೊನೆಗೆ ಮೈಸೂರು ಟೊಬ್ಯಾಕೊ ಕಂಪನಿ ಹುಟ್ಟಿತು, ಇಲ್ಲಿಯೂ ಬೇಸಾಯ ಬೇರೂರತೊಡಗಿತು.

ರೈತರು ಬ್ಯಾರನ್ ಎಂದು ಕರೆಯುವ ಎತ್ತರದ ಮಣ್ಣಿನ ಅಥವಾ ಇಟ್ಟಿಗೆಯ ಮನೆ ಈ ಸೀಮೆಯ ಊರುಗಳ ಗುರುತಾದದ್ದು ಹೀಗೆ. ಎಲೆಗಳನ್ನು ಕಡ್ಡಿಗೆ ಕಟ್ಟಿ, ಒಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಒಡ್ಡುತ್ತ ಐದಾರು ದಿನ ಬೇಯಿಸಬೇಕು. ಮೊದಲು ಸುಮಾರು 32ರಿಂದ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಲೆ ಹಣ್ಣಾಗುತ್ತದೆ. ಆಮೇಲೆ 50ರ ಆಸುಪಾಸಿನಲ್ಲಿ ಬಣ್ಣ ನಿಲ್ಲುತ್ತದೆ, ಕೊನೆಗೆ 70ರ ಹತ್ತಿರ ನಡುದಂಟು ಒಣಗುತ್ತದೆ. ಶಾಖ ಬೇಗ ಏರಿದರೆ ಎಲೆ ಹಸಿರಾಗಿಯೇ ಉಳಿಯುತ್ತದೆ, ತಡವಾದರೆ ಕಂದುಗಟ್ಟುತ್ತದೆ. ಆಗ ನಾಲ್ಕು ತಿಂಗಳ ದುಡಿಮೆಯ ಗ್ರೇಡ್ ಒಂದೇ ರಾತ್ರಿಯಲ್ಲಿ ಇಳಿದುಹೋಗುತ್ತದೆ. ರಾಗಿ, ಅವರೆ ಬೆಳೆಯುತ್ತಿದ್ದ ರೈತ ಥರ್ಮಾಮೀಟರ್ ನೋಡಲು ಕಲಿತದ್ದು ಈ ಒಲೆಯ ಮುಂದೆ. ಈ ಕಲಿಕೆಯ ಬಗ್ಗೆ ಸರ್ಕಾರಿ ವರದಿಗಳು ಹೇಳುವುದು ಕಡಿಮೆ. ಆದರೆ ಮುಂದೆ ಬಂದ ಎಲ್ಲ ಹೊಸತಿಗೂ ತಳಪಾಯ ಇದೇ.

ವಿಜ್ಞಾನದ ಕೆಲಸಕ್ಕೆ ಹುಣಸೂರಿನಲ್ಲಿ 1957ರಲ್ಲಿ ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆಯ ಕೇಂದ್ರ ತೆರೆಯಿತು. ಸಂಸ್ಥೆಯ ಮೂಲ ರಾಜಮಂಡ್ರಿಯಲ್ಲಿ. ಆಂಧ್ರದ ತಳಿಗಳನ್ನು ತಂದು ಬಿತ್ತಿದರೆ ಸಾಲದು, ಇಲ್ಲಿಯ ಮಳೆಗೂ ಬೇರುಗಂಟು ಜಂತುವಿಗೂ ಸೊರಗು ರೋಗಕ್ಕೂ ತಕ್ಕ ತಳಿ ಬೇಕು ಎಂಬುದೇ ಕೇಂದ್ರದ ಕಾರಣ. ಇಲ್ಲಿ ಬೇರೂರಿದ ತಳಿಗಳಲ್ಲಿ ಕಾಂಚನ್ ದೀರ್ಘಕಾಲ ಹೊಲಗಳನ್ನು ಆಳಿತು. ಸಸಿಮಡಿಯ ಪದ್ಧತಿಯೂ ಬದಲಾಯಿತು. ತಂಬಾಕಿನ ಬೀಜ ಒಂದು ಗ್ರಾಂಗೆ ಹತ್ತು ಸಾವಿರಕ್ಕೂ ಹೆಚ್ಚು ಬರುವಷ್ಟು ಸಣ್ಣದು. ಮಡಿಯಲ್ಲಿ ಬೆಳೆದ ಸಸಿಯನ್ನು ಕಿತ್ತು ನೆಡುವಾಗ ಬೇರು ಹರಿದು ಸಾಯುವವು ಬಹಳ. ತೆಂಗಿನ ನಾರಿನ ಪುಡಿ ತುಂಬಿದ ಪ್ಲಾಸ್ಟಿಕ್ ಟ್ರೇಗಳಲ್ಲಿ ಬೆಳೆಸಿದ ಸಸಿ ಬೇರುಸಮೇತ ಹೊಲಕ್ಕೆ ಹೋಗುತ್ತದೆ, ಪೈರು ಒಂದೇ ಸಮ ಬರುತ್ತದೆ. ಖರ್ಚು ಹೆಚ್ಚಾದರೂ ಈ ಪದ್ಧತಿ ಹರಡಿತು. ಉಳಿದ ಸಸಿ ರೈತನ ಕಣ್ಣಿಗೇ ಕಾಣುತ್ತಿತ್ತು, ಬೇರೆ ಪ್ರಚಾರ ಬೇಕಾಗಲಿಲ್ಲ.

ಮಾರಾಟದ ಕಥೆ ಇಷ್ಟು ಸಲೀಸಲ್ಲ. ಹರಾಜು ಬರುವ ಮೊದಲು ಎಲೆಯನ್ನು ಕಂಪನಿಗಳ ಡಿಪೊಗೆ ಅಥವಾ ವ್ಯಾಪಾರಿಗೆ ಕೊಡಬೇಕಿತ್ತು. ಗ್ರೇಡ್ ಹೇಳುವವನೂ ಬೆಲೆ ಕಟ್ಟುವವನೂ ಕೊಳ್ಳುವವನೇ. ಪಕ್ಕದೂರಿನ ರೈತನಿಗೆ ಇದೇ ಎಲೆಗೆ ಎಷ್ಟು ಸಿಕ್ಕಿತು ಎಂದು ತಿಳಿಯುವ ದಾರಿ ಇರಲಿಲ್ಲ. ಕೊಳ್ಳುವವನಿಗೆ ಮಾತ್ರ ಇಡೀ ಸೀಮೆಯ ಬೆಳೆ ಎಷ್ಟು, ಗುಣ ಎಂಥದು, ಹೊರದೇಶದ ಬೇಡಿಕೆ ಹೇಗಿದೆ ಎಂಬುದೆಲ್ಲ ಗೊತ್ತು. ಲಾಭದ ದೊಡ್ಡ ಪಾಲು ಹುಟ್ಟುತ್ತಿದ್ದದ್ದು ಈ ಅಂತರದಲ್ಲೇ.

1975ರ ತಂಬಾಕು ಮಂಡಳಿ ಕಾಯ್ದೆಯಂತೆ 1976ರ ಜನವರಿ 1ರಂದು ಗುಂಟೂರಿನಲ್ಲಿ ಮಂಡಳಿ ಅಸ್ತಿತ್ವಕ್ಕೆ ಬಂತು. ಅದರ ಮುಖ್ಯ ಆಯುಧ ದಾಖಲೆ. ವರ್ಜೀನಿಯಾ ತಂಬಾಕು ಬೆಳೆಯುವವನು ನೋಂದಾಯಿಸಿಕೊಳ್ಳಬೇಕು, ಬ್ಯಾರನ್‌ಗೆ ಲೈಸೆನ್ಸ್ ಪಡೆಯಬೇಕು. ಹೊರದೇಶದ ಬೇಡಿಕೆ, ಕಂಪನಿಗಳ ಅಗತ್ಯ, ಉಳಿದ ದಾಸ್ತಾನು ನೋಡಿ ಮಂಡಳಿ ಪ್ರತಿ ವರ್ಷ ಬೆಳೆಯ ಪ್ರಮಾಣ ನಿಗದಿ ಮಾಡುತ್ತದೆ. ಅದನ್ನು ಹಂಚಿ ಪ್ರತಿ ಬ್ಯಾರನ್‌ಗೆ ಇಷ್ಟು ಕಿಲೋ ಎಂದು ಹೇಳುತ್ತದೆ. ಕರ್ನಾಟಕಕ್ಕೆ ಹಲವು ವರ್ಷ ನಿಗದಿಯಾದದ್ದು ಸುಮಾರು 10 ಕೋಟಿ ಕಿಲೋ. ಮಿತಿ ಮೀರಿ ಬೆಳೆದರೆ ದಂಡ. ದೇಶದ ಇನ್ಯಾವ ಸಾಮಾನ್ಯ ಬೆಳೆಗೂ ಇಷ್ಟು ಬಿಗಿಯಾದ ಲೆಕ್ಕವಿಲ್ಲ. ರಾಗಿ ಎಷ್ಟು ಬೆಳೆಯಿತು ಎಂದು ಅಂದಾಜು ಮಾಡಬಹುದು. ತಂಬಾಕಿನ ಲೆಕ್ಕ ಹೆಸರು, ಊರು, ಬ್ಯಾರನ್, ಕಿಲೋ ಎಂದು ಒಬ್ಬೊಬ್ಬ ಬೆಳೆಗಾರನ ಮಟ್ಟಕ್ಕೆ ಇಳಿಯುತ್ತದೆ.

ಬಹಿರಂಗ ಹರಾಜು ಮೊದಲು ಬಂದದ್ದು ಕರ್ನಾಟಕಕ್ಕೇ, 1984ರಲ್ಲಿ. ಆಂಧ್ರಕ್ಕೆ ಮರುವರ್ಷ ಹೋಯಿತು. ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ ಮತ್ತು ಚಿಲ್ಕುಂದ, ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರ, ಎಚ್.ಡಿ. ಕೋಟೆ, ಹಾಸನ ಜಿಲ್ಲೆಯ ರಾಮನಾಥಪುರದಂಥ ಕಡೆ ಹರಾಜು ಮಾರುಕಟ್ಟೆಗಳು ಎದ್ದವು. ಬೇಲುಗಳ ಸಾಲಿನ ಒಂದು ಪಕ್ಕ ಹರಾಜು ಕೂಗುವವನು, ಇನ್ನೊಂದು ಪಕ್ಕ ಕೊಳ್ಳುವವರು. ಅಮೆರಿಕದ ವರ್ಜೀನಿಯಾದ ಡ್ಯಾನ್‌ವಿಲ್‌ನಲ್ಲಿ 1858ರಿಂದ ನಡೆದುಬಂದ ಪದ್ಧತಿಯ ದೂರದ ನೆಂಟ ಇದು. ರೈತ ತನ್ನ ಬೇಲಿನ ಪಕ್ಕದಲ್ಲೇ ನಿಂತು ಬೆಲೆ ಕೇಳಬಹುದಾಯಿತು, ಒಪ್ಪದಿದ್ದರೆ ವಾಪಸ್ ಒಯ್ಯಬಹುದಾಯಿತು. ಆದರೆ ಕೊಳ್ಳುವವರು ಕಣ್ಸನ್ನೆ, ಕೈಸನ್ನೆಯಲ್ಲಿ ಕೂಗುತ್ತಿದ್ದರಿಂದ, ಯಾರು ಎಷ್ಟಕ್ಕೆ ಏರಿಸಿದರು, ಯಾರು ಬೇಕೆಂದೇ ಸುಮ್ಮನಾದರು ಎಂಬುದು ಆ ಸಾಲಿನ ಆಚೆಗೆ ಗೊತ್ತಾಗುತ್ತಿರಲಿಲ್ಲ.

2010ರ ದಶಕದಲ್ಲಿ ಜಾರಿಯಾದ ಇ-ಹರಾಜು ಈ ಸನ್ನೆಗಳನ್ನು ಅಂಕಿಯಾಗಿಸಿತು. ಕೊಳ್ಳುವವರು ಕೈಯಲ್ಲಿನ ಯಂತ್ರದಲ್ಲಿ ಬೆಲೆ ಒತ್ತುತ್ತಾರೆ, ಹೆಚ್ಚಿನ ಬೆಲೆ ದಾಖಲಾಗುತ್ತದೆ, ಹಣ ನೇರ ಬ್ಯಾಂಕ್ ಖಾತೆಗೆ ಹೋಗುತ್ತದೆ. ದಿನದ ಕೊನೆಗೆ ಯಾವ ಮಾರುಕಟ್ಟೆಗೆ ಎಷ್ಟು ಬೇಲು ಬಂತು, ಗರಿಷ್ಠ ಬೆಲೆ ಎಷ್ಟು, ಸರಾಸರಿ ಎಷ್ಟು ಎಂಬುದು ಎಲ್ಲರಿಗೂ ತಿಳಿಯುತ್ತದೆ. ಚಿಲ್ಕುಂದದ ಬೆಲೆ ಕಂಪಲಾಪುರದಲ್ಲಿ ಅಂದೇ ಚರ್ಚೆಗೆ ಬರುತ್ತದೆ. ರೈತಸಂಘಟನೆಗಳು ಧರಣಿ ಕೂತಾಗ ಕೈಯಲ್ಲಿ ಬರೀ ದೂರು ಇರುವುದಿಲ್ಲ, ಸರಾಸರಿಯ ಅಂಕಿಯೂ ಇರುತ್ತದೆ.

ಇಷ್ಟಾದರೂ ಬೆಲೆಯ ಹಗ್ಗ ರೈತನ ಕೈಗೆ ಬರಲಿಲ್ಲ. ತಂತ್ರಜ್ಞಾನದ ಹೊಗಳಿಕೆಯಲ್ಲಿ ಈ ಮಾತು ಮರೆತುಹೋಗುವುದುಂಟು. ಪರದೆಯ ಮೇಲೆ ಬೆಲೆ ಕಾಣುತ್ತದೆ, ಕೊಳ್ಳುವವರು ಮಾತ್ರ ಮೊದಲಿನಂತೆ ಬೆರಳೆಣಿಕೆಯ ಕಂಪನಿಗಳೇ. ದೊಡ್ಡ ಕಂಪನಿಯೊಂದು ಒಂದು ವಾರ ಹಿಂದೆ ಸರಿದರೆ ಲೋ ಗ್ರೇಡ್ ಎಲೆಯನ್ನು ಕೇಳುವವರಿಲ್ಲ. ಬೆಲೆ ನಿಜವಾಗಿ ಏರಿದ್ದು ಹೊರದೇಶದಲ್ಲಿ ಎಲೆ ಕಡಿಮೆಯಾದಾಗ. 2023-24ರ ಹಂಗಾಮಿನಲ್ಲಿ ಕರ್ನಾಟಕದ ಸರಾಸರಿ ಕಿಲೋಗೆ 250 ರೂಪಾಯಿ ದಾಟಿತು. ಅದರ ಕಾರಣ ಹುಡುಕಬೇಕಾದದ್ದು ಹರಾಜುಕಟ್ಟೆಯಲ್ಲಿ ಅಲ್ಲ, ಜಗತ್ತಿನ ಎಲೆಯ ಕೊರತೆಯಲ್ಲಿ.

ಇನ್ನೊಂದು ಲೆಕ್ಕ ಬಹುಕಾಲ ಯಾರ ಪುಸ್ತಕಕ್ಕೂ ಹತ್ತಲಿಲ್ಲ: ಸೌದೆಯದು. ಒಂದು ಕಿಲೋ ಎಲೆ ಹದಗೊಳಿಸಲು ನಾಲ್ಕೈದು ಕಿಲೋ ಸೌದೆ ಬೇಕು. ಆಂಧ್ರದ ಬ್ಯಾರನ್‌ಗಳಿಗೆ ಕಲ್ಲಿದ್ದಲು ಹತ್ತಿರವಿತ್ತು. ಇಲ್ಲಿ ಹತ್ತಿರವಿದ್ದದ್ದು ಮರ, ಪಕ್ಕದಲ್ಲೇ ನಾಗರಹೊಳೆ. 1988ರಲ್ಲಿ ರಾಷ್ಟ್ರೀಯ ಉದ್ಯಾನವಾದ, ಆಮೇಲೆ ಹುಲಿ ಸಂರಕ್ಷಿತ ಪ್ರದೇಶವಾದ ಆ ಕಾಡಿನ ಅಂಚಿನ ತಾಲ್ಲೂಕುಗಳಲ್ಲಿ ಬದುವಿನ ಮರಗಳು ಮೊದಲು ಕರಗಿದವು. ನೀಲಗಿರಿ, ಸಿಲ್ವರ್ ಓಕ್ ನೆಡುವುದು, ಒಲೆಯ ವಿನ್ಯಾಸ ಸುಧಾರಿಸುವುದು, ಶಾಖ ಸೋರದಂತೆ ಬ್ಯಾರನ್‌ಗೆ ಹೊದಿಕೆ ಹಾಕುವುದು, ಕಾಫಿ ಹೊಟ್ಟು ಸುಡುವುದು ಎಲ್ಲವೂ ಬಂದವು. ಸೌದೆ ದುಬಾರಿಯಾದ ಮೇಲೆಯೇ ಇವನ್ನು ರೈತರು ಮನಸ್ಸಿಟ್ಟು ನೋಡಿದರು. ಟ್ರೇ ಸಸಿಗೆ ತೋರಿದ ಅವಸರ ಇಲ್ಲಿ ಕಾಣಲಿಲ್ಲ: ಉಳಿಯುತ್ತಿದ್ದದ್ದು ಕಾಡು, ಖರ್ಚಾಗುತ್ತಿದ್ದದ್ದು ರೈತನ ದುಡ್ಡು.

ದಾಖಲೆಯಿಂದ ರೈತನಿಗೆ ನೇರವಾಗಿ ಸಿಕ್ಕ ಲಾಭ ಬೆಲೆಗಿಂತ ಹೆಚ್ಚಾಗಿ ಸಾಲದಲ್ಲಿದೆ. ಬ್ಯಾರನ್ ಲೈಸೆನ್ಸ್ ಇದ್ದವನ ಬೆಳೆ ಎಷ್ಟು, ಎಲ್ಲಿ ಮಾರುತ್ತಾನೆ, ಹಣ ಯಾವಾಗ ಬರುತ್ತದೆ ಎಂಬುದು ಬ್ಯಾಂಕಿಗೆ ಮೊದಲೇ ಗೊತ್ತು. ಸಾಲದ ಕಂತನ್ನು ಹರಾಜಿನ ಹಣದಲ್ಲೇ ಮುರಿದುಕೊಳ್ಳಬಹುದು. ರಸಗೊಬ್ಬರವೂ ಇದೇ ದಾರಿಯಲ್ಲಿ ಬರುತ್ತದೆ. ಹಾಗಾಗಿ ಲೈಸೆನ್ಸೇ ಒಂದು ಆಸ್ತಿಯಾಯಿತು, ಬಾಡಿಗೆಗೆ ಕೊಡುವ ಪರಿಪಾಠವೂ ಬೆಳೆಯಿತು. ಲೈಸೆನ್ಸ್ ಇಲ್ಲದವರೂ ಬೆಳೆದರು, ಬೇರೆಯವರ ಹೆಸರಲ್ಲಿ ಮಾರಿದರು. ಪ್ರತಿ ಹಂಗಾಮಿನಲ್ಲೂ ದಂಡ ಕಡಿಮೆ ಮಾಡಿ ಎಂಬ ಬೇಡಿಕೆ ದಿಲ್ಲಿಗೆ ಹೋಗುತ್ತಲೇ ಇದೆ. ಅತಿ ಬಿಗಿಯಾದ ಲೆಕ್ಕವೂ ಹೊಲದಲ್ಲಿ ಹೀಗೆ ಸೋರುತ್ತದೆ.

ಭಾರತ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅನುಮೋದಿಸಿತು. ಆ ಒಪ್ಪಂದ ಬೆಳೆಗಾರರಿಗೆ ಪರ್ಯಾಯ ಜೀವನೋಪಾಯವನ್ನೂ ಕೇಳುತ್ತದೆ. ಹುಣಸೂರು ಸೀಮೆಯಲ್ಲಿ ಪರ್ಯಾಯಗಳಿಗೆ ಬರವಿಲ್ಲ: ಶುಂಠಿ, ಮುಸುಕಿನ ಜೋಳ, ಹತ್ತಿ ಎಲ್ಲವನ್ನೂ ಇಲ್ಲಿ ಬೆಳೆಯುತ್ತಾರೆ. ಶುಂಠಿಯ ಬೆಲೆ ಒಂದು ವರ್ಷ ಆಕಾಶಕ್ಕೇರಿ ಮರುವರ್ಷ ಅಗೆಯುವ ಕೂಲಿಗೂ ಸಾಲದಂತಾಗುತ್ತದೆ. ಈ ವರ್ಷ ಎಷ್ಟು ಎಕರೆ ಹಾಕಿದ್ದಾರೆ, ಎಷ್ಟು ಬೇಡಿಕೆಯಿದೆ ಎಂದು ನಾಟಿಗೆ ಮೊದಲು ಹೇಳುವ ಸಂಸ್ಥೆ ಅದಕ್ಕಿಲ್ಲ. ತಂಬಾಕಿಗಿರುವಂತೆ ಬೆಳೆಯ ಮೇಲೇ ಸಾಲ ಕೊಟ್ಟು ಮಾರಾಟದಲ್ಲೇ ಮುರಿದುಕೊಳ್ಳುವ ಏರ್ಪಾಟೂ ಇಲ್ಲ. ತಂಬಾಕು ಬಿಡಿ ಎಂದು ಹೇಳುವವರು ಬೀಜ, ಸಬ್ಸಿಡಿಗಳ ಮಾತಿಗೆ ನಿಂತುಬಿಟ್ಟಿದ್ದಾರೆ. ಅರ್ಧ ಶತಮಾನದಲ್ಲಿ ತಂಬಾಕಿಗೆ ಕಟ್ಟಿಕೊಟ್ಟ ನೋಂದಣಿ, ಹರಾಜು, ಸಾಲದ ಜಾಲವನ್ನು ಇನ್ನೊಂದು ಬೆಳೆಗೆ ಈ ನಾಲ್ಕು ತಾಲ್ಲೂಕುಗಳಲ್ಲಿ ಯಾರೂ ಕಟ್ಟಿಲ್ಲ.