ಎಂಟು ಡಾಲರಿನಿಂದ ಮನೆಪತ್ರದವರೆಗೆ

ಒಂದು ಭಾನುವಾರ ವಿಜಯವಾಡದಿಂದ ಪರಿಚಯದವರೊಬ್ಬರು ಬೆಳಿಗ್ಗೆಯ ರತ್ನಾಚಲ್ ಎಕ್ಸ್‌ಪ್ರೆಸ್ ಹಿಡಿದು ವಿಶಾಖಪಟ್ಟಣದ ನಮ್ಮ ಮನೆಗೆ ಊಟದ ಹೊತ್ತಿಗೆ ಬಂದರು. ಉಡುಪಿ ಕಡೆಯವರು, ಹೆಸರು ಬೇಡ. ನಾನು ವಿಜಯವಾಡ ಬ್ರಾಂಚಿನಲ್ಲಿದ್ದ ಕಾಲದಲ್ಲಿ ಅವರ ಹೋಟೆಲಿನ ಕಾಫಿ ಕುಡಿಯದೆ ಕೌಂಟರ್ ತೆರೆದವನಲ್ಲ. ಊಟ ಆದ ಮೇಲೆ ಚೀಲದಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದರು. ಮಗಳಿಗೆ ಅಮೆರಿಕದಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ಎರಡು ವರ್ಷದ ಲೆಕ್ಕ ಬರೆದಿದ್ದರು. ಫೀಸು, ಬಾಡಿಗೆ, ಊಟ, ಇನ್ಶೂರೆನ್ಸು, ವಿಮಾನದ ಟಿಕೆಟ್ಟು, ಕೊನೆಯಲ್ಲಿ 'ಇತರೆ - 50,000'. ಅದರ ಕೆಳಗೆ ಎರಡು ಗೆರೆ ಎಳೆದು ಟೋಟಲ್.

"ರಾಯರೇ, ನೀವು ಬ್ಯಾಂಕಿನವರು. ಇಷ್ಟಾದ್ರೆ ಸಾಕಾಗ್ತದಾ ಮಾರಾಯ್ರೇ?"

ಮೇಲಿನ ಸಾಲುಗಳಲ್ಲಿ ತಪ್ಪು ಹುಡುಕೋಕೆ ನನಗೆ ಏನೂ ಸಿಗಲಿಲ್ಲ. ಹೋಟೆಲಿನವರ ಲೆಕ್ಕ, ಪೈಸೆ ಬಿಟ್ಟಿರಲಿಲ್ಲ. ನನ್ನ ಕಣ್ಣು ನಿಂತಿದ್ದು ಆ 'ಇತರೆ' ಮೇಲೆ. ಈ ಕರಾವಳಿಯಿಂದ ನೂರಿಪ್ಪತ್ತು ವರ್ಷದಿಂದ ಹುಡುಗರು ಓದೋಕೆ ಹಡಗು, ವಿಮಾನ ಹತ್ತುತ್ತಿದ್ದಾರೆ. ಫೀಸು ಎಷ್ಟು ಅನ್ನೋದು ಯಾವ ಕಾಲದಲ್ಲೂ ಗುಟ್ಟಾಗಿರಲಿಲ್ಲ. 'ಇತರೆ'ಯನ್ನು ಯಾರು ಹೊರುತ್ತಾರೆ ಅನ್ನೋದು ಮಾತ್ರ ಕಾಲಕಾಲಕ್ಕೆ ಬದಲಾಗಿದೆ. ಅದರ ಕಥೆ ಅವರಿಗೆ ಹೇಳಿದೆ, ನಿಮಗೂ ಹೇಳುತ್ತೇನೆ.

ಮೊದಲು ಸರ್ಕಾರ ಹೊತ್ತ ಕಾಲ. ಆಂಧ್ರ ವಿಶ್ವವಿದ್ಯಾಲಯ ಹುಟ್ಟಿದ್ದು 1926ರಲ್ಲಿ, ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ. 1930ರಲ್ಲಿ ಅದು ನಮ್ಮ ವಾಲ್ಟೇರಿಗೆ ಬಂತು. ಅದರ ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾ ರೆಡ್ಡಿ. ಚಿತ್ತೂರು ಕಡೆಯ ಈ ಹುಡುಗ 1902ರಲ್ಲಿ ಕೇಂಬ್ರಿಡ್ಜಿನ ಸೇಂಟ್ ಜಾನ್ಸ್ ಕಾಲೇಜಿಗೆ ಹೋದದ್ದು ಭಾರತ ಸರ್ಕಾರದ ವಿದ್ಯಾರ್ಥಿ ವೇತನದ ಮೇಲೆ. ವಾಪಸು ಬಂದವರು ಬರೋಡಾ ಸುತ್ತಿ ನಮ್ಮ ಮೈಸೂರಿಗೆ ಬಂದರು, ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದರು, ಆಮೇಲೆ ಮೈಸೂರು ಸಂಸ್ಥಾನದ ವಿದ್ಯಾಭ್ಯಾಸ ಇಲಾಖೆಯ ಮುಖ್ಯಸ್ಥರಾದರು. ಅವರ ನಂತರ 1931ರಲ್ಲಿ ವಾಲ್ಟೇರಿಗೆ ಕುಲಪತಿಯಾಗಿ ಬಂದ ರಾಧಾಕೃಷ್ಣನ್ ಕೂಡ ಮಹಾರಾಜಾ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದವರೇ. ಇಲ್ಲಿ ಯಾರಾದರೂ ಆಂಧ್ರ ಯೂನಿವರ್ಸಿಟಿ ಬಗ್ಗೆ ಹೆಮ್ಮೆ ಪಟ್ಟರೆ ನಾನು ಈ ಎರಡು ಹೆಸರು ಹೇಳಿ ಸ್ವಲ್ಪ ಪಾಲು ಕೇಳುತ್ತೇನೆ.

ಸರ್ಕಾರದ ಸ್ಕಾಲರ್‌ಶಿಪ್ಪಿನಲ್ಲಿ ನಷ್ಟವೇನಾದರೂ ಆದರೆ ಅದೂ ಸರ್ಕಾರದ್ದೇ. ಮೈಸೂರು ಸರ್ಕಾರ ಟಿ.ಪಿ. ಕೈಲಾಸಂ ಅವರನ್ನು ಭೂವಿಜ್ಞಾನ ಓದೋಕೆ ಲಂಡನ್ನಿಗೆ ಕಳಿಸಿತು. ಅವರು ಓದಿದರು, ನಾಟಕವನ್ನೂ ಹಚ್ಚಿಕೊಂಡು ಬಂದರು, ಇಲಾಖೆಯ ಕೆಲಸ ಕೆಲವು ವರ್ಷ ಮಾಡಿ ಬಿಟ್ಟರು. ಸರ್ಕಾರದ ಪುಸ್ತಕದಲ್ಲಿ ಅದು ನಷ್ಟ. ಕನ್ನಡದ ಪುಸ್ತಕದಲ್ಲಿ ಎಂಥ ಲಾಭ ಅಂತ ನಿಮಗೇ ಗೊತ್ತು. ಇವತ್ತು ಮನೆ ಅಡವಿಟ್ಟು ಕಳಿಸಿದ ಮಗ ನಾಟಕ ಬರೆಯುತ್ತೇನೆ ಅಂದರೆ ಅಪ್ಪ ಏನನ್ನಬೇಕು ಹೇಳಿ!

ಎರಡನೆಯದು ಧರ್ಮ ಮತ್ತು ಮಾವನ ಮನೆ. ರತ್ನಾಚಲ್ ರೈಲು ರಾಜಮಂಡ್ರಿ ದಾಟಿ ಸಾಮರ್ಲಕೋಟೆಯಲ್ಲಿ ನಿಲ್ಲುತ್ತದಲ್ಲ, ಅಲ್ಲಿಂದ ಕಾಕಿನಾಡ ಹತ್ತಿರ. ಕಾಕಿನಾಡದ ಮಲ್ಲಾಡಿ ಸತ್ಯಲಿಂಗ ನಾಯ್ಕರ್ ಧರ್ಮಸಂಸ್ಥೆ ಭೀಮಾವರದ ಎಲ್ಲಾಪ್ರಗಡ ಸುಬ್ಬರಾವ್ ಎಂಬ ಯುವ ವೈದ್ಯನಿಗೆ ನೆರವಿನ ಭರವಸೆ ಕೊಟ್ಟಿತು. ಹೆಂಡತಿಯ ತಂದೆ ಉಳಿದ ಹಣ ಹೊಂದಿಸಿದರು. 1922ರ ಅಕ್ಟೋಬರ್‌ನಲ್ಲಿ ಸುಬ್ಬರಾವ್ ಬಾಸ್ಟನ್ ತಲುಪಿದರು. ಅಲ್ಲಿ ಇಲ್ಲಿಯ ವೈದ್ಯಕೀಯ ಓದಿಗೆ ತಕ್ಕ ಕೆಲಸ ಸಿಗಲಿಲ್ಲ. ಹಾರ್ವರ್ಡಿನಲ್ಲಿ ಹಗಲು ಓದು, ರಾತ್ರಿ ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯುವ ಕೆಲಸ. ಡಿಪ್ಲೊಮಾ ಆಯಿತು, ಪಿಎಚ್.ಡಿ. ಆಯಿತು, ಸ್ನಾಯುವಿಗೆ ಶಕ್ತಿ ಕೊಡುವ ಎಟಿಪಿಯ ಮೇಲೆ, ಫೋಲಿಕ್ ಆಮ್ಲದ ಮೇಲೆ ದೊಡ್ಡ ಕೆಲಸಗಳಾದವು. 1948ರಲ್ಲಿ ಅಮೆರಿಕದಲ್ಲೇ ತೀರಿಕೊಂಡರು. ಹೆಂಡತಿ ಇಲ್ಲೇ ಇದ್ದರು, ಗಂಡನನ್ನು ಮತ್ತೆ ನೋಡಲೇ ಇಲ್ಲ.

ಇದನ್ನು ಹೇಳಿದಾಗ ನಮ್ಮ ಹೋಟೆಲಿನವರು ಸುಮ್ಮನಾದರು. ನನ್ನಾಕೆ ಒಳಗಿನಿಂದ, "ಅದನ್ನ ಯಾವ ಕಾಲಂನಲ್ಲಿ ಬರೀತೀರಿ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೂರನೆಯದು ನನಗೆ ಬಹಳ ಇಷ್ಟವಾದ ಲೆಕ್ಕ. ಸಂಖ್ಯಾಶಾಸ್ತ್ರದ ಸಿ.ಆರ್. ರಾವ್. ಹುಟ್ಟಿದ್ದು 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ, ಅದು ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಮನೆಮಾತು ತೆಲುಗು. ಓದಿದ್ದು ಗೂಡೂರು, ನೂಜಿವೀಡು, ನಂದಿಗಾಮ, ಕೊನೆಗೆ ವಿಶಾಖಪಟ್ಟಣ. ಇಲ್ಲಿ ಗಣಿತದ ಎಂ.ಎ. ಮುಗಿಸಿ ಕಲ್ಕತ್ತಾಕ್ಕೆ ಹೋದರು. 1946ರಲ್ಲಿ ಕೇಂಬ್ರಿಡ್ಜಿಗೆ ಹೋದದ್ದು ವಿದ್ಯಾರ್ಥಿಯಾಗಿ ಅಲ್ಲ, ಕೆಲಸಕ್ಕೆ! ಅಲ್ಲಿಯ ಮಾನವಶಾಸ್ತ್ರ ಮ್ಯೂಸಿಯಂನವರ ಹತ್ತಿರ ಸೂಡಾನಿನ ಜೆಬೆಲ್ ಮೋಯಾ ಎಂಬಲ್ಲಿ ಅಗೆದು ತಂದ ಹಳೆಯ ಅಸ್ಥಿಪಂಜರಗಳಿದ್ದವು. ಅವುಗಳ ಅಳತೆಯನ್ನು ಲೆಕ್ಕಕ್ಕೆ ಹಾಕೋರು ಬೇಕಿತ್ತು. ರಾವ್ ಹಗಲು ಮೂಳೆಗಳ ಲೆಕ್ಕ ಮಾಡಿದರು, ಜೊತೆಗೇ ಕಿಂಗ್ಸ್ ಕಾಲೇಜು ಸೇರಿ ಫಿಷರ್ ಅವರ ಕೈಕೆಳಗೆ 1948ರಲ್ಲಿ ಪಿಎಚ್.ಡಿ. ಮುಗಿಸಿದರು. ಅಪ್ಪನ ಮನೆಪತ್ರ ಯಾವ ಬ್ಯಾಂಕಿಗೂ ಹೋಗಲಿಲ್ಲ. 2023ರಲ್ಲಿ, ನೂರೆರಡು ವರ್ಷ ತುಂಬಿದ ಮೇಲೆ, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಬಂತು. ಅದೇ ವರ್ಷ ಆಗಸ್ಟಿನಲ್ಲಿ ಹೋದರು.

ಆಮೇಲೆ ಬಂದದ್ದು ಎಂಟು ಡಾಲರಿನ ಕಾಲ. ಅರವತ್ತು, ಎಪ್ಪತ್ತರ ದಶಕದಲ್ಲಿ ಅಮೆರಿಕಕ್ಕೆ ಹೋದ ಹಿರಿಯರು ನಿಮಗೆ ಗೊತ್ತಿದ್ದರೆ ಕೇಳಿ ನೋಡಿ, ಎಲ್ಲರೂ ಇದೇ ಅಂಕಿ ಹೇಳುತ್ತಾರೆ. ದೇಶದಲ್ಲಿ ವಿದೇಶಿ ವಿನಿಮಯಕ್ಕೆ ಬರ. ಟಿಕೆಟ್ ಕೊಳ್ಳೋಕೂ ಪಿ ಫಾರಂ ಅಂತ ರಿಸರ್ವ್ ಬ್ಯಾಂಕಿನ ಒಪ್ಪಿಗೆ ಬೇಕು. ಕೈಯಲ್ಲಿ ಎಂಟು ಡಾಲರ್. 1966ರ ಜೂನ್ 6ರಂದು ಡಾಲರ್ ಬೆಲೆ ಒಂದೇ ದಿನದಲ್ಲಿ 4.76 ರೂಪಾಯಿಯಿಂದ 7.50ಕ್ಕೆ ಹೋಯಿತು. ಹಾಗಿದ್ದರೂ ಹೋದವರಲ್ಲಿ ಬಹಳ ಜನ ಬಚಾವಾದರು. ಯಾಕೆ ಅಂದರೆ ಅವರ ಖರ್ಚು ರೂಪಾಯಿಯಲ್ಲಿ ಇರಲೇ ಇಲ್ಲ. ಅಲ್ಲಿಯ ಯೂನಿವರ್ಸಿಟಿ ಅಸಿಸ್ಟೆಂಟ್‌ಶಿಪ್ ಕೊಟ್ಟರೆ ಮಾತ್ರ ಹೋಗೋದು, ಇಲ್ಲದಿದ್ದರೆ ಇಲ್ಲ. ಡಾಲರಿನಲ್ಲಿ ಸಂಪಾದನೆ, ಡಾಲರಿನಲ್ಲೇ ಖರ್ಚು. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದರೆ ವಿನಿಮಯದ ಅಪಾಯ ಸೊನ್ನೆ. ನಿಯಮ ಕಟ್ಟುನಿಟ್ಟಾಗಿದ್ದದ್ದೇ ಒಂಥರಾ ರಕ್ಷಣೆ ಆಗಿತ್ತು ಅಂತ ನನಗೆ ಈಗ ಅನ್ನಿಸುತ್ತದೆ.

ಕೃಷ್ಣಾ ಜಿಲ್ಲೆಯವರು ಹಣ ಇಟ್ಟುಕೊಂಡು ಸುಮ್ಮನೆ ಕೂತಿದ್ದರು ಅಂತಲ್ಲ. ಬೆಜವಾಡದಲ್ಲಿ 1855ರ ಹೊತ್ತಿಗೆ ಕೃಷ್ಣಾ ನದಿಗೆ ಅಣೆ ಕಟ್ಟಿದಾಗಿನಿಂದ ಡೆಲ್ಟಾದ ಗದ್ದೆ ಬಂಗಾರ. ಆ ಭತ್ತದ ಹಣ ಮೊದಲು ಹರಿದದ್ದು ನಮ್ಮ ಕಡೆಗೇ, ಕರ್ನಾಟಕದ ಕ್ಯಾಪಿಟೇಶನ್ ಕಾಲೇಜುಗಳಿಗೆ. ಆಂಧ್ರ ಸರ್ಕಾರ 1983ರಲ್ಲಿ, ಕರ್ನಾಟಕ 1984ರಲ್ಲಿ ಕ್ಯಾಪಿಟೇಶನ್ ವಿರುದ್ಧ ಕಾನೂನು ಮಾಡಿದವು, ಆಮೇಲೆ ಏನಾಯಿತು ಅನ್ನೋದು ಬೇರೆ ಪುರಾಣ. ಮಕ್ಕಳ ಓದಿಗೆ ಹೊಲ ಮಾರೋದು ಈ ಸೀಮೆಯಲ್ಲಿ ಅವಮಾನ ಅಲ್ಲ ಅನ್ನೋದಷ್ಟೇ ನಮಗೆ ಇಲ್ಲಿ ಬೇಕಾದ ಮಾತು.

2000ದ ಜೂನ್ 1ರಂದು ಹಳೆಯ ಫೆರಾ ಹೋಗಿ ಫೆಮಾ ಬಂತು. 2001ರಲ್ಲಿ ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆ ಬಂತು, ಭಾರತದೊಳಗಿನ ಓದಿಗೆ 7.5 ಲಕ್ಷ, ವಿದೇಶಕ್ಕೆ 15 ಲಕ್ಷ. ಆಮೇಲೆ ಅದು 10 ಮತ್ತು 20 ಆಯಿತು. 4 ಲಕ್ಷದವರೆಗೆ ಅಡಮಾನ ಬೇಡ. 7.5 ಲಕ್ಷ ದಾಟಿದರೆ ಆಸ್ತಿಪತ್ರ ತನ್ನಿ. ವಿದೇಶದ ಓದಾದರೆ ಶೇಕಡಾ 15 ಕೈಯಿಂದ ಹಾಕಿ. 2004ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು ವರ್ಷಕ್ಕೆ 25,000 ಡಾಲರ್ ಹೊರಗೆ ಕಳಿಸೋಕೆ ಎಲ್ಲರಿಗೂ ಅವಕಾಶ ಕೊಟ್ಟಿತು, 2015ಕ್ಕೆ ಅದು ಎರಡೂವರೆ ಲಕ್ಷ ಡಾಲರ್. ಬಾಗಿಲು ತೆರೆಯಿತು. ಬಡ ಮೇಷ್ಟ್ರ ಮಕ್ಕಳೂ ಹೋದರು, ಅದು ಸಣ್ಣ ಸಂಗತಿ ಅಲ್ಲ. ನನ್ನ ಕೈಯಿಂದಲೇ ಸಹಿ ಆದ ಸಾಲಗಳಲ್ಲಿ ಓದಿ ದಡ ಸೇರಿದವರು ಈಗಲೂ ಯುಗಾದಿಗೆ ಫೋನ್ ಮಾಡುತ್ತಾರೆ. ಆದರೆ 'ಇತರೆ' ಸದ್ದಿಲ್ಲದೆ ಸರ್ಕಾರದ, ಧರ್ಮಸಂಸ್ಥೆಯ, ಯೂನಿವರ್ಸಿಟಿಯ ಹೆಗಲಿನಿಂದ ಇಳಿದು ಅಪ್ಪ ಅಮ್ಮನ ಮನೆಯ ಮೇಲೆ ಕೂತಿತು.

ಲೆಕ್ಕ ಹೇಳುತ್ತೇನೆ. 2011ರ ಆರಂಭದಲ್ಲಿ ಡಾಲರಿಗೆ ಸುಮಾರು 45 ರೂಪಾಯಿ. ಎರಡನೇ ವರ್ಷದ 20,000 ಡಾಲರಿಗೆ 9 ಲಕ್ಷ ಅಂತ ಬರೆದಿಟ್ಟುಕೊಂಡವರಿಗೆ 2013ರ ಆಗಸ್ಟ್ ಕೊನೆಯಲ್ಲಿ ಕಟ್ಟೋ ಹೊತ್ತಿಗೆ ಡಾಲರ್ 68. ಅದೇ ಫೀಸು, 13 ಲಕ್ಷ 60 ಸಾವಿರ. ಮಂಜೂರಾದ ಸಾಲ ಮಾತ್ರ ರೂಪಾಯಿಯಲ್ಲಿ, ಅದು ಹಿಗ್ಗೋದಿಲ್ಲ. ಆ ನಾಲ್ಕೂವರೆ ಲಕ್ಷಕ್ಕೆ ಕೆಲವರು ಬಳೆ ಬಿಚ್ಚಿದರು, ಕೆಲವರು ನೂರಕ್ಕೆ ಎರಡು ರೂಪಾಯಿ ತಿಂಗಳ ಬಡ್ಡಿಗೆ ಕೈಸಾಲ ತಂದರು. ನನ್ನ ಕೌಂಟರಿನ ಮುಂದೆಯೇ ಇಂಥವರು ಕೂತು ಎದ್ದು ಹೋಗಿದ್ದಾರೆ. 2025ರ ಡಿಸೆಂಬರಿನಲ್ಲಿ ಡಾಲರ್ 90 ದಾಟಿತು.

ಇನ್ನೊಂದು, ಓದುವಾಗ ಕಂತು ಇಲ್ಲ ಅಂತ ಎಲ್ಲರೂ ನಿರಾಳವಾಗಿರುತ್ತಾರೆ. ಕಂತು ಇಲ್ಲ, ಬಡ್ಡಿ ಇದೆ. ಪೂರ್ತಿ 20 ಲಕ್ಷ ಹೊರಗೆ ಹೋಗಿ ಬಡ್ಡಿ ಶೇಕಡಾ 11 ಅಂತಿಟ್ಟುಕೊಳ್ಳಿ, ವರ್ಷಕ್ಕೆ 2 ಲಕ್ಷ 20 ಸಾವಿರ. ಎರಡು ವರ್ಷದ ಓದು, ಮೇಲೊಂದು ವರ್ಷದ ಬಿಡುವು. ಹಣ ಸೆಮಿಸ್ಟರಿನ ಪ್ರಕಾರ ಹೋಗುವುದರಿಂದ ಪೂರ್ತಿ ಆರೂವರೆ ಲಕ್ಷ ಆಗದಿದ್ದರೂ ಐದರ ಸುತ್ತ ನಿಲ್ಲುತ್ತದೆ. ಆಗಾಗ ಕಟ್ಟದಿದ್ದರೆ ಅದೂ ಅಸಲಿಗೆ ಸೇರಿ, ಕಂತು ಶುರುವಾಗೋದು ಆ ದೊಡ್ಡ ಮೊತ್ತದ ಮೇಲೆ.

ಪಾಸ್‌ಬುಕ್ಕಿನ ವಿಷಯವನ್ನೂ ಹೇಳಬೇಕು. ಹೈದರಾಬಾದಿನಲ್ಲಿ ಅಮೆರಿಕದ ಕಾನ್ಸುಲೇಟ್ ತೆರೆದದ್ದು 2008ರಲ್ಲಿ. ಅದಕ್ಕೆ ಮುಂಚೆ ಇಲ್ಲಿಯವರು ವೀಸಾಕ್ಕೆ ಕೋರಮಂಡಲ್ ಹತ್ತಿ ಮದ್ರಾಸಿಗೆ ಹೋಗುತ್ತಿದ್ದರು. ಫೈಲಿನಲ್ಲಿ ಒಂದು ವರ್ಷದ ಖರ್ಚಿನಷ್ಟು ಹಣ ಇದೆ ಅಂತ ಬ್ಯಾಂಕಿನ ಪತ್ರ. ಎಷ್ಟೋ ಖಾತೆಗಳಲ್ಲಿ ಆ ಹಣ ಒಂದು ತಿಂಗಳ ಅತಿಥಿ, ಯಾರೋ ಬಡ್ಡಿಗೆ ಕೊಟ್ಟದ್ದು, ವೀಸಾ ಆದ ಮರುದಿನ ಹೋಗುತ್ತಿತ್ತು. ನಾವು ಕೊಟ್ಟ ಪತ್ರದಲ್ಲಿ ಸುಳ್ಳು ಇರಲಿಲ್ಲ, ಆ ದಿನ ಹಣ ಇತ್ತಲ್ಲ. ನಿಜವೂ ಇರಲಿಲ್ಲ. ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಹಾಗೆ ಹೋದ ಹುಡುಗ ಮೊದಲ ತಿಂಗಳಿನಿಂದಲೇ ಕೆಲಸ ಹುಡುಕಬೇಕು. ಕ್ಲಾಸಿಗೆ ಹೋಗದೆ ಕೆಲಸಕ್ಕೆ ಬಿಡುವ ಕಾಲೇಜು ಸಿಕ್ಕರೆ ದೇವರು ಸಿಕ್ಕ ಹಾಗೆ. ಕ್ಯಾಲಿಫೋರ್ನಿಯಾದ ಟ್ರೈ ವ್ಯಾಲಿ ಯೂನಿವರ್ಸಿಟಿ ಅಂಥದ್ದು. 2011ರ ಜನವರಿಯಲ್ಲಿ ದಾಳಿ ಆದಾಗ ಅದರಲ್ಲಿ ಒಂದೂವರೆ ಸಾವಿರ ವಿದ್ಯಾರ್ಥಿಗಳಿದ್ದರು, ಬಹುಪಾಲು ಭಾರತದವರು, ಅದರಲ್ಲೂ ಆಂಧ್ರದವರು. ಕೆಲವರ ಕಾಲಿಗೆ ರೇಡಿಯೋ ಪಟ್ಟಿ ಕಟ್ಟಿದ್ದು ಟಿ.ವಿ.ಯಲ್ಲಿ ಬಂತು. ನಡೆಸುತ್ತಿದ್ದ ಹೆಂಗಸಿಗೆ 2014ರಲ್ಲಿ ಹದಿನಾರು ವರ್ಷಕ್ಕೂ ಮೀರಿದ ಶಿಕ್ಷೆ ಆಯಿತು. 2019ರಲ್ಲಿ ಫಾರ್ಮಿಂಗ್‌ಟನ್ ಅಂತ ಇನ್ನೊಂದು ಬಂತು, ಅದನ್ನು ಅಲ್ಲಿಯ ಸರ್ಕಾರವೇ ಬಲೆಯಾಗಿ ನಡೆಸುತ್ತಿತ್ತು. ಬಂಧಿಸಿದ 130 ವಿದ್ಯಾರ್ಥಿಗಳಲ್ಲಿ 129 ಮಂದಿ ಭಾರತೀಯರು. ಹುಡುಗರನ್ನು ಬಯ್ಯೋದು ಸುಲಭ. ಅವರಲ್ಲಿ ಎಷ್ಟೋ ಜನರ ಮೂಲದ ಬಜೆಟ್ಟಿನಲ್ಲೇ ಎರಡನೇ ಸೆಮಿಸ್ಟರ್ ಇರಲಿಲ್ಲ ಅಂತ ನನ್ನ ಗುಮಾನಿ.

ಬೇರೆ ದೇಶಗಳು ಈ ಪಾಠ ಕಲಿತು ನಿಯಮ ಮಾಡಿಕೊಂಡಿವೆ. ಇಂಗ್ಲೆಂಡಿಗೆ ಹಣ ಖಾತೆಯಲ್ಲಿ 28 ದಿನ ನಿಂತಿರಬೇಕು. ಜರ್ಮನಿ ಒಂದು ವರ್ಷದ ಖರ್ಚನ್ನು ಮೊದಲೇ ಕಟ್ಟಿಸಿಕೊಂಡು ತಿಂಗಳಿಗೆ ಇಷ್ಟು ಅಂತ ಬಿಡುತ್ತದೆ. ಕೆನಡಾ ತೋರಿಸಬೇಕಾದ ಹಣವನ್ನು 2024ರ ಜನವರಿಯಿಂದ 10,000 ಡಾಲರಿನಿಂದ 20,635ಕ್ಕೆ ಏರಿಸಿತು. ಕಟುವಾದ ನಿಯಮ, ಆದರೆ ಬ್ಯಾಂಕಿನವನಾಗಿ ನಾನು ಅದರ ಪರ.

ಅಷ್ಟು ಹೊತ್ತಿಗೆ ನಾಲ್ಕು ಗಂಟೆ. ಇಬ್ಬರೂ ನೋಟ್‌ಬುಕ್ ಎದುರಿಗಿಟ್ಟುಕೊಂಡು ಕೂತೆವು. 'ಇತರೆ' ಸಾಲನ್ನು ಹೊಡೆದು ಹಾಕಿ ಅದಕ್ಕೇ ಒಂದು ಹೊಸ ಪುಟ ತೆಗೆದೆವು. ಎರಡನೇ ವರ್ಷದ ಡಾಲರಿಗೆ ಇವತ್ತಿನ ಬೆಲೆಯ ಮೇಲೆ ಹತ್ತು ಪರ್ಸೆಂಟ್ ಹೆಚ್ಚು. ಓದುವಾಗಿನ ಬಡ್ಡಿ, ತಿಂಗಳು ತಿಂಗಳು ಹೋಟೆಲಿನ ಗಲ್ಲಾದಿಂದ ಕಟ್ಟುವಂತೆ. ಸ್ವಂತ ಹಣ ವರ್ಷಕ್ಕೆ 10 ಲಕ್ಷ ದಾಟಿ ಕಳಿಸಿದರೆ ಮೂಲದಲ್ಲೇ ಹಿಡಿಯುವ ಟಿಸಿಎಸ್ ತೆರಿಗೆ, ಬ್ಯಾಂಕ್ ಸಾಲದ ಹಣಕ್ಕೆ 2025ರ ಏಪ್ರಿಲ್‌ನಿಂದ ಅದಿಲ್ಲ. ಮನೆಯಲ್ಲಿ ಏನಾದರೂ ಆದರೆ ಹುಡುಗಿ ಒಮ್ಮೆ ಬಂದು ಹೋಗುವ ಟಿಕೆಟ್ಟು. ಓದು ಮುಗಿದ ಮೇಲೆ ಆರು ತಿಂಗಳು ಕೆಲಸ ಇಲ್ಲದಿದ್ದರೆ ಬಾಡಿಗೆ, ಊಟ. ಇದರ ಮೇಲೆ 2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಹೊಸ ಎಚ್-1ಬಿ ಅರ್ಜಿಗಳಿಗೆ ಲಕ್ಷ ಡಾಲರ್ ಶುಲ್ಕ ಹೇಳಿದ್ದೂ ಇತ್ತು, ಅದಕ್ಕೆ ಅಂಕಿ ಹಾಕೋಕೆ ಇಬ್ಬರಿಗೂ ಆಗಲಿಲ್ಲ, ಜಾಗ ಖಾಲಿ ಬಿಟ್ಟೆವು.

ಐವತ್ತು ಸಾವಿರ ಇದ್ದದ್ದು ಹದಿಮೂರು ಲಕ್ಷ ಆಯಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಸತ್ಯನಾರಾಯಣಪುರಂನ ಮನೆ ಅವರ ತಂದೆ ಇಡ್ಲಿ ಮಾರಿ ಕಟ್ಟಿಸಿದ್ದು.

"ಅಸಿಸ್ಟೆಂಟ್‌ಶಿಪ್ ಕೊಡುವ ಇನ್ನೊಂದು ಕಾಲೇಜಿನಿಂದಲೂ ಪತ್ರ ಬಂದಿತ್ತು. ಹೆಸರು ಅಷ್ಟೊಂದು ದೊಡ್ಡದಲ್ಲ ಅಂತ ಮಗಳು ಬೇಡ ಅಂದಳು" ಅಂದರು.

"ಉತ್ತರ ಕೊಟ್ಟಾಯ್ತಾ?"

"ಇಲ್ಲ, ಹದಿನೈದನೇ ತಾರೀಕಿನವರೆಗೆ ಟೈಮ್ ಉಂಟು."

ಸಂಜೆಯ ರೈಲಿಗೆ ಸ್ಟೇಷನ್ನಿಗೆ ಬಿಟ್ಟು ಬಂದೆ. ನೋಟ್‌ಬುಕ್ಕನ್ನು ಚೀಲಕ್ಕೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ಹತ್ತಿದರು.